ಹಳೆಯ ಬೋಟ್ ಎಂಜಿನ್‌ಗೆ ಯಾವ ಡೀಸೆಲ್? ಬಂಕಿನದೋ ಹಡಗಿನದೋ ಎಂದು ತೀರ್ಮಾನಿಸಲು ಒಂದು ಸಮಗ್ರ ಮಾರ್ಗದರ್ಶಿ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆ, ಗಂಗೊಳ್ಳಿ, ಮಂಗಳೂರಿನ ದಕ್ಕೆ, ಕಾರವಾರದ ಬೈತಖೋಲ ಮುಂತಾದ ಕಡೆ ಬೋಟುಗಳು ಸಾಲಾಗಿ ನಿಂತಿರುತ್ತವೆ. ಎಂಜಿನ್ ಬಿಚ್ಚಿ ಜೋಡಿಸುವ ಕೆಲಸವೆಲ್ಲ ನಡೆಯುವುದು ಆ ಎರಡು ತಿಂಗಳಲ್ಲೇ. ಹದಿನೈದು ಇಪ್ಪತ್ತು ವರ್ಷ ಹಳೆಯ ಎಂಜಿನ್ ಇಟ್ಟುಕೊಂಡಿರುವ ಮಾಲೀಕರು ಆಗ ಮೆಕ್ಯಾನಿಕ್ ಮುಂದೆ ತಪ್ಪದೆ ಇಡುವ ಪ್ರಶ್ನೆ ಒಂದಿದೆ. ಈಗಿನ ಬಿಎಸ್-6 (ಭಾರತ್ ಸ್ಟೇಜ್ 6 ಎಂಬ ಮಾಲಿನ್ಯ ಮಾನದಂಡದ) ಡೀಸೆಲ್ ತೀರಾ ತೆಳುವಾಗಿದೆ, ಅದರಲ್ಲಿ ಜಿಡ್ಡೇ ಇಲ್ಲ, ಇದರ ಬದಲು ಹಡಗಿಗೆ ಹಾಕುವ ಡೀಸೆಲ್ ಹಾಕಿದರೆ ಎಂಜಿನ್ ಹೆಚ್ಚು ಕಾಲ ಬಾಳುತ್ತದೆಯೇ ಎಂಬುದು ಆ ಪ್ರಶ್ನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕರಾವಳಿಯ ಬಹುತೇಕ ಹಳೆಯ ಎಂಜಿನ್‌ಗಳಿಗೆ ನಂಬಿಕಸ್ಥ ಬಂಕ್‌ನಲ್ಲಿ ತುಂಬಿಸಿದ ರಸ್ತೆಯ ಡೀಸೆಲೇ ಸರಿ. ಆದರೆ ಅದನ್ನು ಹಾಕುವ ಮೊದಲು ಎಂಜಿನ್ನಿಗೆ ಡೀಸೆಲ್ ಒತ್ತಿಕೊಡುವ ಪಂಪಿನ ರಬ್ಬರ್ ಸೀಲುಗಳು, ಟ್ಯಾಂಕಿಯ ನೀರು, ಎಂಜಿನ್ ಕೋಣೆಯ ಗಾಳಿ ಈ ಮೂರನ್ನೂ ಸರಿಪಡಿಸಿಕೊಳ್ಳಬೇಕು. ಹಡಗಿನ ಡೀಸೆಲ್ ಕೆಟ್ಟದ್ದೇನೂ ಅಲ್ಲ. ಅದು ಬೇಕಾದ ಬೋಟುಗಳೂ ಇವೆ. ಯಾವ ಬೋಟಿಗೆ ಯಾವುದು ಎಂಬುದನ್ನು ಎಂಜಿನ್ ನೋಡಿ ತೀರ್ಮಾನಿಸಬೇಕೇ ಹೊರತು ಡೀಸೆಲಿನ ಬಣ್ಣವನ್ನೋ ದರವನ್ನೋ ನೋಡಿ ಅಲ್ಲ. ಸೀಮೆಎಣ್ಣೆ ಅಥವಾ ಪೆಟ್ರೋಲ್‌ನಲ್ಲಿ ಓಡುವ ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್‌ಗಳ ವಿಚಾರ ಬೇರೆಯೇ ಆಗಿರುವುದರಿಂದ ಅದನ್ನು ಇಲ್ಲಿ ಎತ್ತಿಕೊಂಡಿಲ್ಲ.

ಮೊದಲ ಹೆಜ್ಜೆ: ಎರಡು ಡೀಸೆಲ್‌ಗಳ ನಿಜವಾದ ವ್ಯತ್ಯಾಸ ತಿಳಿದುಕೊಳ್ಳಿ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಬಂದರಿನ ಒಳಗಿರುವ ಸಹಕಾರ ಸಂಘದ ಬಂಕ್‌ನಲ್ಲಿ ಪಾಸ್‌ಬುಕ್ ತೋರಿಸಿ ತುಂಬಿಸಿಕೊಳ್ಳುವ ಕರ ವಿನಾಯಿತಿಯ ಡೀಸೆಲ್ ‘ಮರೀನ್ ಡೀಸೆಲ್’ ಎಂದು ಅನೇಕರು ಭಾವಿಸಿದ್ದಾರೆ. ಅದು ಹೆದ್ದಾರಿ ಬದಿಯ ಬಂಕ್‌ನಲ್ಲಿ ಲಾರಿಗೆ ಹಾಕುವ ಬಿಎಸ್-6 ಡೀಸೆಲೇ. ವ್ಯತ್ಯಾಸವಿರುವುದು ರಾಜ್ಯದ ಮಾರಾಟ ತೆರಿಗೆಯಲ್ಲಿ ಮಾತ್ರ. ಬ್ರಿಟನ್ನಿನಲ್ಲಿ ಕಡಿಮೆ ತೆರಿಗೆಯ ಡೀಸೆಲ್‌ಗೆ ಕೆಂಪು ಬಣ್ಣ ಬೆರೆಸಿ ಗುರುತು ಮಾಡುತ್ತಾರೆ. ನಮ್ಮ ಬಂದರಿನ ಡೀಸೆಲ್‌ನಲ್ಲಿ ಅಂಥ ಗುರುತು ಇಲ್ಲದಿರುವುದರಿಂದ ಈ ಗೊಂದಲ ಉಳಿದುಕೊಂಡಿದೆ.

ನಿಜವಾದ ಹಡಗಿನ ಡೀಸೆಲ್ ಐಎಸ್ಒ 8217 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ತಯಾರಾಗುತ್ತದೆ. ಅದರಲ್ಲಿ ಸಣ್ಣ ಎಂಜಿನ್‌ಗಳಿಗೆ ಹೊಂದುವ ದರ್ಜೆಯ ಹೆಸರು ಡಿಎಂಎ. ಇದಲ್ಲದೆ ನಮ್ಮ ದೇಶದಲ್ಲಿ ಹೈ ಫ್ಲ್ಯಾಶ್ ಡೀಸೆಲ್ ಎಂಬುದೂ ಇದೆ. ಬೇಗನೆ ಹೊತ್ತಿಕೊಳ್ಳಬಾರದೆಂಬ ಕಾರಣಕ್ಕೆ ಅದನ್ನು ಹಡಗುಗಳಿಗಾಗಿಯೇ ಬೇರೆ ಮಾಡಿ ಕೊಡುತ್ತಾರೆ. ಮೂರನೆಯದು ಎಲ್‌ಡಿಒ, ಅಂದರೆ ಲೈಟ್ ಡೀಸೆಲ್ ಆಯಿಲ್. ಇದು ಕಪ್ಪಗೆ ದಪ್ಪಗಿದ್ದು, ಕುಲುಮೆ, ಬಾಯ್ಲರ್ ಮತ್ತು ನಿಮಿಷಕ್ಕೆ 750 ಸುತ್ತಿಗಿಂತ ಕಡಿಮೆ ವೇಗದಲ್ಲಿ ತಿರುಗುವ ಎಂಜಿನ್‌ಗಳಿಗೆಂದು ಇರುವ ಎಣ್ಣೆ. ಇದನ್ನೂ ‘ಹಡಗಿನ ಡೀಸೆಲ್’ ಎಂದೇ ಹೇಳಿ ಮಾರುವವರು ಇರುವುದರಿಂದ ಹೆಸರನ್ನು ಇಲ್ಲಿಯೇ ನೆನಪಿಟ್ಟುಕೊಳ್ಳಿ. 1,500ರಿಂದ 2,000 ಸುತ್ತಿನಲ್ಲಿ ಓಡುವ ಟ್ರಾಲ್ ಬೋಟಿನ ಎಂಜಿನ್‌ಗೆ ಎಲ್‌ಡಿಒ ಹಾಕಿದರೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನೊಝಲ್ ತುದಿಯಲ್ಲಿ ಮಸಿ ಗಟ್ಟಿಯಾಗಿ, ಪಿಸ್ಟನ್ ರಿಂಗುಗಳು ತಮ್ಮ ತೋಡಿನಲ್ಲೇ ಅಂಟಿಕೊಳ್ಳುತ್ತವೆ.

ಇನ್ನು ಅಂಕಿಗಳು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಬಿಎಸ್-6 ಡೀಸೆಲ್‌ನಲ್ಲಿ ಒಂದು ಕಿಲೋಗೆ ಗರಿಷ್ಠ 10 ಮಿಲಿಗ್ರಾಂ ಗಂಧಕ ಇರಬಹುದು. ಬಿಎಸ್-4ರಲ್ಲಿ ಈ ಮಿತಿ 50, ಬಿಎಸ್-3ರಲ್ಲಿ 350 ಇತ್ತು. ಹಡಗುಗಳ ವಿಚಾರದಲ್ಲಿ, 2020ರ ಜನವರಿ 1ರಿಂದ ಜಗತ್ತಿನೆಲ್ಲೆಡೆ ಅನ್ವಯವಾಗುವ ಮಿತಿ ತೂಕದ ಶೇ 0.50. ಎರಡನ್ನೂ ಒಂದೇ ಅಳತೆಗೆ ತಂದರೆ ಹಡಗಿನ ಇಂಧನಕ್ಕಿರುವ ಸಡಿಲಿಕೆ ಐನೂರು ಪಟ್ಟು. ಸಾವಿರ ಲೀಟರ್ ಬಿಎಸ್-6 ಡೀಸೆಲ್ ಸುಟ್ಟಾಗ ಎಂಜಿನ್ ಮೂಲಕ ಹಾದುಹೋಗುವ ಗಂಧಕ ಹೆಚ್ಚೆಂದರೆ ಸುಮಾರು ಎಂಟು ಗ್ರಾಂ. ಮಿತಿಯ ಅಂಚಿನಲ್ಲಿರುವ ಹಡಗಿನ ಡೀಸೆಲ್ ಅಷ್ಟೇ ಸುಟ್ಟರೆ ಅದು ನಾಲ್ಕು ಕಿಲೋ ದಾಟುತ್ತದೆ. ಸೀಟೇನ್, ಅಂದರೆ ಡೀಸೆಲ್ ಎಷ್ಟು ಬೇಗ ತಾನಾಗಿ ಹೊತ್ತಿಕೊಳ್ಳುತ್ತದೆ ಎಂಬುದರ ಅಳತೆ, ರಸ್ತೆಯ ಡೀಸೆಲ್‌ನಲ್ಲಿ ಕನಿಷ್ಠ 51 ಇರಬೇಕು. ಡಿಎಂಎ ದರ್ಜೆಯಲ್ಲಿ ಸೀಟೇನ್ ಸೂಚ್ಯಂಕ 40 ಇದ್ದರೂ ಸಾಕು. ಸ್ನಿಗ್ಧತೆ ಬಿಎಸ್-6ರಲ್ಲಿ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ 2ರಿಂದ 4.5 ಸೆಂಟಿಸ್ಟೋಕ್ ಇದ್ದರೆ ಡಿಎಂಎಯಲ್ಲಿ 2ರಿಂದ 6ರವರೆಗೆ ಇರಬಹುದು. ‘ತೆಳು’, ‘ದಪ್ಪ’ ಎಂದು ದಕ್ಕೆಯಲ್ಲಿ ಹೇಳುವುದು ಈ ಸ್ನಿಗ್ಧತೆಯ ಕುರಿತು. ಎರಡರ ವ್ಯಾಪ್ತಿಯೂ 2ರಿಂದಲೇ ಆರಂಭವಾಗುತ್ತದೆ ಎಂಬುದನ್ನು ಗಮನಿಸಿ. ಹಡಗಿನ ಡೀಸೆಲ್ ಯಾವಾಗಲೂ ದಪ್ಪವೇ ಇರಬೇಕೆಂದಿಲ್ಲ.

ಎರಡನೆಯ ಹೆಜ್ಜೆ: ನಿಮ್ಮ ಎಂಜಿನ್‌ನಲ್ಲಿರುವ ಪಂಪ್ ಯಾವುದೆಂದು ನೋಡಿ

ಇದು ಇಡೀ ತೀರ್ಮಾನದ ಬುಡ. ನಮ್ಮಲ್ಲಿನ ಹಳೆಯ ಎಂಜಿನ್‌ಗಳಲ್ಲಿ ಅನೇಕವು ಲಾರಿಗೆಂದು ವಿನ್ಯಾಸಗೊಂಡು ಆಮೇಲೆ ಬೋಟಿಗೆ ಹೊಂದಿಸಿದವು. ಎಂಜಿನ್ನಿನ ಹೆಸರಿಗಿಂತ ಅದಕ್ಕೆ ಕೂರಿಸಿರುವ ಫ್ಯೂಯಲ್ ಇಂಜೆಕ್ಷನ್ ಪಂಪ್ ಮುಖ್ಯ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಇಂದಿಗೂ ‘ಮೈಕೋ ಪಂಪ್’. 1951ರಲ್ಲಿ ಆರಂಭವಾದ ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ದಕ್ಕೆಯ ವರ್ಕ್‌ಶಾಪ್‌ಗಳಲ್ಲಿ ಹಳೆಯ ಹೆಸರೇ ನಿಂತಿದೆ.

ಪಂಪಿನ ಆಕಾರ ನೋಡಿದರೇ ಜಾತಿ ತಿಳಿಯುತ್ತದೆ. ಇನ್‌ಲೈನ್ ಪಂಪ್ ಉದ್ದನೆಯ ಪೆಟ್ಟಿಗೆಯಂತಿದ್ದು, ಎಷ್ಟು ಸಿಲಿಂಡರ್‌ಗಳಿವೆಯೋ ಅಷ್ಟು ಪೈಪುಗಳು ಅದರ ತಲೆಯಿಂದ ಒಂದೇ ಸಾಲಿನಲ್ಲಿ ಮೇಲೇಳುತ್ತವೆ. ರೋಟರಿ ಪಂಪ್ ಡಬ್ಬಿಯಂತೆ ಗಿಡ್ಡಗಿದ್ದು, ಪೈಪುಗಳು ಅದರ ಒಂದು ತುದಿಯ ಸುತ್ತ ವೃತ್ತಾಕಾರದಲ್ಲಿ ಹೊರಡುತ್ತವೆ. ಇನ್‌ಲೈನ್ ಪಂಪಿನ ಕ್ಯಾಮ್ ಮತ್ತು ಬೇರಿಂಗುಗಳಿಗೆ ಎಂಜಿನ್ ಆಯಿಲ್ ಅಥವಾ ಪಂಪಿನಲ್ಲೇ ತುಂಬಿಸಿದ ಆಯಿಲ್ ಸಿಗುತ್ತದೆ. ಅದರಲ್ಲಿ ಡೀಸೆಲ್‌ನ ಜಿಡ್ಡನ್ನು ನಂಬಿರುವುದು ಡೀಸೆಲನ್ನು ಒತ್ತಿ ನೂಕುವ ಪ್ಲಂಜರ್‌ಗಳು ಮತ್ತು ಡೆಲಿವರಿ ವಾಲ್ವ್‌ಗಳು ಮಾತ್ರ. ರೋಟರಿ ಪಂಪಿಗೆ ಹೊರಗಿನ ಆಯಿಲ್ ಇಲ್ಲ. ಒಳಗಿನ ಪ್ರತಿಯೊಂದು ಭಾಗವೂ ಹಾದುಹೋಗುವ ಡೀಸೆಲ್‌ನಿಂದಲೇ ನುಣುಪು ಪಡೆಯಬೇಕು. ಹಾಗಾಗಿ ಒಣ ಇಂಧನದ ಪೆಟ್ಟು ಮೊದಲು ಬೀಳುವುದು ರೋಟರಿ ಪಂಪಿಗೆ.

ಹಾಗಾದರೆ ಬಿಎಸ್-6 ನಿಜವಾಗಿಯೂ ಒಣ ಇಂಧನವೇ? ಗಂಧಕ ಸ್ವತಃ ಜಿಡ್ಡಲ್ಲ. ರಿಫೈನರಿಯಲ್ಲಿ ಹೈಡ್ರೋಜನ್ ಹಾಯಿಸಿ ಗಂಧಕ ತೆಗೆಯುವಾಗ ಲೋಹದ ಮೇಲೆ ತೆಳ್ಳನೆ ಪದರವಾಗಿ ಅಂಟಿಕೊಳ್ಳುವ ಕೆಲವು ಸಂಯುಕ್ತಗಳೂ ಹೊರಟುಹೋಗುತ್ತವೆ. ಅದನ್ನು ತುಂಬಿಕೊಡಲು ತಯಾರಕರೇ ಜಾರುಗುಣದ ರಾಸಾಯನಿಕ ಬೆರೆಸುತ್ತಾರೆ. ಪ್ರಯೋಗಾಲಯದಲ್ಲಿ ಉಕ್ಕಿನ ಗುಂಡನ್ನು ಡೀಸೆಲ್‌ನಲ್ಲಿ ಮುಳುಗಿಸಿ ಉಜ್ಜಿಸಿದಾಗ ಬೀಳುವ ಸವೆತದ ಕಲೆ 460 ಮೈಕ್ರಾನ್ ಮೀರಬಾರದೆಂಬುದು ಬಿಎಸ್-6ರ ಷರತ್ತು. ಡಿಎಂಎ ಹಡಗಿನ ಡೀಸೆಲ್‌ಗೆ ಇದೇ ಪರೀಕ್ಷೆಯಲ್ಲಿ 520 ಮೈಕ್ರಾನ್‌ವರೆಗೆ ಅವಕಾಶವಿದೆ. ಅಂದರೆ ಜಾರುಗುಣದ ಮಾನದಂಡದಲ್ಲಿ ರಸ್ತೆಯ ಡೀಸೆಲೇ ಹೆಚ್ಚು ಬಿಗಿ. ‘ಬಿಎಸ್-6ರಲ್ಲಿ ಜಿಡ್ಡಿಲ್ಲ’ ಎಂಬ ಮಾತು ಕಲಬೆರಕೆಯಾಗದ ಡೀಸೆಲ್‌ಗೆ ಅನ್ವಯಿಸುವುದಿಲ್ಲ. ಸೀಮೆಎಣ್ಣೆ ಬೆರೆತ ಡೀಸೆಲ್‌ಗೆ ಮಾತ್ರ ಚೆನ್ನಾಗಿಯೇ ಅನ್ವಯಿಸುತ್ತದೆ.

ದಪ್ಪ ಡೀಸೆಲ್ ಹಾಕಿದಾಗ ಎಂಜಿನ್ ಚೆನ್ನಾಗಿ ಎಳೆಯುತ್ತದೆ ಎಂಬ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಅದರ ಅರ್ಥ ಬೇರೆ. ಪ್ಲಂಜರ್ ಮತ್ತು ಅದರ ಬ್ಯಾರೆಲ್ ನಡುವೆ ಇರುವ ಸಂದು ಮೈಕ್ರಾನ್‌ಗಳ ಲೆಕ್ಕದ್ದು. ಅದು ಸವೆದು ಅಗಲವಾದಾಗ, ಒತ್ತಡ ಏರುವ ಹೊತ್ತಿಗೆ ತೆಳುವಾದ ಡೀಸೆಲ್ ಆ ಸಂದಿನಿಂದ ಹಿಂದಕ್ಕೆ ಜಾರಿ ನೊಝಲ್‌ಗೆ ಹೋಗುವ ಪಾಲು ಕಡಿಮೆಯಾಗುತ್ತದೆ. ದಪ್ಪ ಡೀಸೆಲ್ ಅಷ್ಟಾಗಿ ಜಾರುವುದಿಲ್ಲ. ಹತ್ತು ದಿನದ ಮೀನುಗಾರಿಕೆಗೆ ಹೋದ ಬೋಟು ಕೊನೆಯ ದಿನಗಳಲ್ಲಿ ಶಕ್ತಿ ಕಳೆದುಕೊಂಡಂತೆ ತೋರುವುದಕ್ಕೂ ಇದೇ ಕಾರಣ ಇರಬಹುದು. ಟ್ಯಾಂಕಿಯ ಮಟ್ಟ ಇಳಿದಾಗ, ಎಂಜಿನ್‌ನಿಂದ ಮರಳಿ ಬರುವ ಬಿಸಿ ಡೀಸೆಲ್ ಉಳಿದ ಸ್ವಲ್ಪ ಡೀಸೆಲನ್ನೂ ಬಿಸಿ ಮಾಡುತ್ತದೆ, ಬಿಸಿಯಾದಂತೆ ಅದು ಇನ್ನಷ್ಟು ತೆಳುವಾಗುತ್ತದೆ. ತಣ್ಣಗಿದ್ದಾಗ ಸಲೀಸಾಗಿ ಸ್ಟಾರ್ಟ್ ಆಗುವ ಎಂಜಿನ್, ಬಿಸಿಯಾಗಿ ನಿಂತ ಅರ್ಧ ಗಂಟೆಗೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸಿದರೆ ಪಂಪ್ ಸವೆದಿದೆ ಎಂದು ಬಲವಾಗಿ ಅನುಮಾನಿಸಬಹುದು. ಅಂಥ ಪಂಪನ್ನು ಬೆಂಚಿನ ಮೇಲೆ ಕೂರಿಸಿ ಕ್ಯಾಲಿಬ್ರೇಷನ್ (ಡೀಸೆಲ್ ಬಿಡುವ ಅಳತೆಯ ಹೊಂದಾಣಿಕೆ) ಮಾಡಿಸಬೇಕು. ಡೀಸೆಲ್ ಬದಲಿಸುವುದರಿಂದ ದೋಷ ಮುಚ್ಚಿಹೋಗುತ್ತದೆ, ರಿಪೇರಿಯಾಗುವುದಿಲ್ಲ.

ಮೂರನೆಯ ಹೆಜ್ಜೆ: ಸೀಲುಗಳನ್ನು ಬದಲಿಸಿ

ಹಳೆಯ ಪಂಪು, ಫಿಲ್ಟರ್ ತಲೆ, ಟ್ಯಾಂಕಿಯಿಂದ ಡೀಸೆಲ್ ಎಳೆಯುವ ಫೀಡ್ ಪಂಪುಗಳಲ್ಲಿರುವ ಓ ರಿಂಗ್‌ಗಳು ಸಾಮಾನ್ಯವಾಗಿ ನೈಟ್ರೈಲ್ ರಬ್ಬರಿನವು. ಹೆಚ್ಚು ಗಂಧಕದ ಹಳೆಯ ಡೀಸೆಲ್‌ನಲ್ಲಿ ಆರೋಮ್ಯಾಟಿಕ್ ಎಂಬ ಜಾತಿಯ ಸಂಯುಕ್ತಗಳೂ ಹೆಚ್ಚಿರುತ್ತಿದ್ದವು. ಅವನ್ನು ಹೀರಿ ರಬ್ಬರ್ ಸ್ವಲ್ಪ ಊದಿಕೊಂಡು ತನ್ನ ಜಾಗದಲ್ಲಿ ಬಿಗಿಯಾಗಿ ಕೂತಿರುತ್ತಿತ್ತು. ಆರೋಮ್ಯಾಟಿಕ್ ಕಡಿಮೆಯಿರುವ ಡೀಸೆಲ್ ಬಂದಾಗ ಹೀರಿದ್ದನ್ನು ಬಿಟ್ಟುಕೊಟ್ಟು ರಬ್ಬರ್ ಕುಗ್ಗುತ್ತದೆ. ಹೊಸ ರಬ್ಬರ್‌ಗೆ ಸ್ಥಿತಿಸ್ಥಾಪಕತ್ವ ಇರುವುದರಿಂದ ಅದು ತಾಳಿಕೊಳ್ಳುತ್ತದೆ. ಹತ್ತು ವರ್ಷ ಕೂತು ಗಟ್ಟಿಯಾದ ರಬ್ಬರ್ ಹಾಗೆ ಹಿಗ್ಗಿ ಕುಗ್ಗಲಾರದು.

ಇದರ ಲಕ್ಷಣ ಕಣ್ಣಿಗೆ ಕಾಣುವಂಥದು. ಪಂಪಿನ ಮೈಯನ್ನು ಕಾಟನ್ ವೇಸ್ಟ್‌ನಿಂದ ಒರೆಸಿ ಒಣಗಿಸಿ, ಎಂಜಿನ್ ಅನ್ನು ಅರ್ಧ ಗಂಟೆ ಓಡಿಸಿ, ಆಮೇಲೆ ಟಾರ್ಚ್ ಹಿಡಿದು ನೋಡಿದರೆ ಡೆಲಿವರಿ ವಾಲ್ವ್ ಹೋಲ್ಡರಿನ ಬುಡದಲ್ಲಿ ಉಂಗುರದಂತೆ ತೇವ ಮೂಡಿರುತ್ತದೆ. ಬೆರಳಿಟ್ಟರೆ ಜಿಗುಟಿಲ್ಲದೆ ಜಾರುತ್ತದೆ, ಮೂಸಿದರೆ ಡೀಸೆಲ್ ವಾಸನೆ. ಒತ್ತಡದ ಕಡೆಯ ಸೋರಿಕೆ ಹೀಗೆ ಹೊರಗೆ ಕಾಣುತ್ತದೆ. ಟ್ಯಾಂಕಿಯಿಂದ ಫೀಡ್ ಪಂಪಿನವರೆಗಿನ ಎಳೆಯುವ ಕಡೆಯಲ್ಲಿ ಸೀಲ್ ಕುಗ್ಗಿದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಿ ಎರಡು ನಿಮಿಷಕ್ಕೆ ಎಂಜಿನ್ ಆರಿಹೋಗುವುದು, ಬಲೆ ಎಳೆಯುವಾಗ ವೇಗ ಏರಿಳಿಯುವುದು ಅದರ ಗುರುತು. ಇದನ್ನು ಡೀಸೆಲ್‌ನ ದೋಷವೆಂದು ಬೈದುಕೊಂಡು ಬಂಕ್ ಬದಲಿಸಿದವರನ್ನು ನೋಡಿದ್ದೇನೆ. ಕೊನೆಗೆ ಸಿಕ್ಕಿದ್ದು ಫಿಲ್ಟರ್ ತಲೆಯೊಳಗಿನ ಒಂದು ಒಣಗಿದ ವಾಷರ್.

ಬದಲಿಸುವಾಗ ಒಂದೊಂದನ್ನಾಗಿ ಬದಲಿಸಬೇಡಿ. ಪಂಪಿನ ಪೂರ್ತಿ ಸೀಲ್ ಕಿಟ್, ಫೀಡ್ ಪಂಪಿನ ವಾಷರ್‌ಗಳು, ಫಿಲ್ಟರ್ ತಲೆಯ ರಿಂಗುಗಳು, ರಬ್ಬರ್ ಹೋಸ್‌ಗಳು, ಬ್ಯಾಂಜೋ ಬೋಲ್ಟುಗಳ ಎರಡೂ ಬದಿಯ ತಾಮ್ರದ ವಾಷರ್‌ಗಳು ಇಷ್ಟನ್ನೂ ಒಂದೇ ಸಲ ಮಾಡಿಸಿ. ಡೀಸೆಲ್‌ಗೆ ಶೇ 7ರವರೆಗೆ ಜೈವಿಕ ಡೀಸೆಲ್ ಬೆರೆಸಲು ಮಾನದಂಡದಲ್ಲಿ ಅವಕಾಶವಿದ್ದು, ಅದು ಹಳೆಯ ರಬ್ಬರ್ ಮತ್ತು ಸತುವಿನ ಲೇಪಕ್ಕೆ ಹಿತವಲ್ಲ. ಆದ್ದರಿಂದ ಸಿಗುವುದಾದರೆ ವೈಟಾನ್ ರಬ್ಬರಿನ ಸೀಲುಗಳನ್ನೇ ಕೇಳಿ. ಟ್ಯಾಂಕಿ ಜಿಐ (ಸತು ಲೇಪಿಸಿದ ಕಬ್ಬಿಣದ) ಶೀಟಿನದಾಗಿದ್ದರೆ ಅದನ್ನು ಬದಲಿಸುವ ಯೋಚನೆಯೂ ಇರಲಿ.

ನಾಲ್ಕನೆಯ ಹೆಜ್ಜೆ: ಎಂಜಿನ್ ಆಯಿಲ್ ಯಾವ ಡೀಸೆಲ್‌ಗೆ ಹೊಂದುತ್ತದೆಂದು ನೋಡಿ

ಗಂಧಕ ಉರಿದಾಗ ಹುಟ್ಟುವ ಅನಿಲದ ಒಂದು ಪಾಲು ನೀರಿನ ಆವಿಯೊಂದಿಗೆ ಸೇರಿ ಗಂಧಕಾಮ್ಲವಾಗುತ್ತದೆ. ಬಹುಪಾಲು ಹೊಗೆಯೊಂದಿಗೆ ಹೊರಗೆ ಹೋದರೂ ಉಳಿದದ್ದು ಲೈನರ್ (ಸಿಲಿಂಡರಿನ ಒಳಕವಚ) ಗೋಡೆಯ ಮೇಲೆ ಕೂತು ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಈ ಆಮ್ಲವನ್ನು ಶಮನ ಮಾಡುವ ಕ್ಷಾರದ ಅಂಶ ಆಯಿಲ್‌ನಲ್ಲಿ ಇರುತ್ತದೆ. ಅದರ ಅಳತೆಯನ್ನು ಟಿಬಿಎನ್ ಎನ್ನುತ್ತಾರೆ. ಡಬ್ಬಿಯ ಮೇಲೆ ಸಿಎಚ್-4 ಅಥವಾ ಸಿಐ-4 ಎಂದಿರುವ ಆಯಿಲ್‌ಗಳು ಶೇ 0.5ರವರೆಗಿನ ಗಂಧಕದ ಡೀಸೆಲ್‌ಗೆಂದು ರೂಪಿಸಿದವು. ಹೊಸ ಸಿಕೆ-4 ಆಯಿಲ್ ಕಡಿಮೆ ಗಂಧಕದ ಡೀಸೆಲ್‌ಗೆಂದೇ ಬಂದದ್ದು. ರಸ್ತೆಯ ಡೀಸೆಲ್ ಹಾಕುವವರಿಗೆ ಇವುಗಳಲ್ಲಿ ಕೈಪಿಡಿ ಹೇಳಿದ್ದು ಸಾಕು. ಹಡಗಿನ ಡೀಸೆಲ್ ಹಾಕಲೇಬೇಕಾದವರು ಸಿಕೆ-4 ಬಿಟ್ಟು ಸಿಐ-4 ಅಥವಾ ಹೆಚ್ಚು ಟಿಬಿಎನ್ ಇರುವ ಮರೀನ್ ಎಂಜಿನ್ ಆಯಿಲ್ ಹಾಕಿ, ಆಯಿಲ್ ಬದಲಿಸುವ ಗಂಟೆಗಳನ್ನು ಅರ್ಧಕ್ಕೆ ಇಳಿಸಿಕೊಳ್ಳುವುದು ಒಳ್ಳೆಯದು. ಈ ಖರ್ಚನ್ನು ಲೆಕ್ಕಕ್ಕೆ ಹಿಡಿದರೆ ಲೀಟರಿಗೆ ಉಳಿಯಿತೆಂದುಕೊಂಡ ಎರಡು ಮೂರು ರೂಪಾಯಿ ಎಷ್ಟೋ ಸಲ ಉಳಿದಿರುವುದಿಲ್ಲ.

ಇಲ್ಲಿ ನಮ್ಮ ಬಂದರುಗಳ ಒಂದು ಅಭ್ಯಾಸದ ಕುರಿತು ಹೇಳಲೇಬೇಕು. ಎಂಜಿನ್ ಬಿಸಿಯಾಗುತ್ತದೆಂದು ಎಂಜಿನ್ ಶಾಖವನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಕಿತ್ತು ಬಿಸಾಡುವ ರೂಢಿ ವ್ಯಾಪಕವಾಗಿದೆ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಸಮುದ್ರದ ನೀರಿನ ತಂಪಿನಿಂದ ಯಾವಾಗಲೂ ತಣ್ಣಗೇ ಓಡುತ್ತದೆ. ಆಮ್ಲ ಹನಿಗಟ್ಟುವುದು ತಣ್ಣಗಿನ ಲೈನರ್ ಮೇಲೆಯೇ. ಬಿಎಸ್-6 ಡೀಸೆಲ್‌ನಲ್ಲಿ ಗಂಧಕ ಅತ್ಯಲ್ಪವಾದ್ದರಿಂದ ಈ ತಪ್ಪು ಅಷ್ಟಾಗಿ ಕಾಡುವುದಿಲ್ಲ. ಅದೇ ಎಂಜಿನ್‌ಗೆ ಹಡಗಿನ ಡೀಸೆಲ್ ಹಾಕಿದರೆ ಲೈನರ್ ಸವೆತ ಬೇಗ ಶುರುವಾಗುತ್ತದೆ. ಥರ್ಮೋಸ್ಟಾಟ್ ಇಲ್ಲದ ಬೋಟಿಗೆ ಹಡಗಿನ ಡೀಸೆಲ್ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಐದನೆಯ ಹೆಜ್ಜೆ: ಬೆಂಕಿಯ ಅಪಾಯವನ್ನು ಅಳೆಯಿರಿ

ರಸ್ತೆಯ ಡೀಸೆಲ್ ಹಡಗಿನ ಡೀಸೆಲ್‌ಗಿಂತ ನಿಜವಾಗಿ ಹಿಂದೆ ಬೀಳುವುದು ಇಲ್ಲಿ. ಇಂಧನದ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ದಟ್ಟವಾಗುವ ಉಷ್ಣತೆಗೆ ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ಅಂತರರಾಷ್ಟ್ರೀಯ ಕಡಲ ಸುರಕ್ಷತಾ ನಿಯಮದ ಪ್ರಕಾರ ಹಡಗಿನ ಇಂಧನಕ್ಕೆ ಇದು ಕನಿಷ್ಠ 60 ಡಿಗ್ರಿ ಇರಬೇಕು. ನಮ್ಮ ಹೈ ಫ್ಲ್ಯಾಶ್ ಡೀಸೆಲ್‌ಗೆ 66 ಡಿಗ್ರಿ. ಯುರೋಪಿನ ರಸ್ತೆಯ ಡೀಸೆಲ್‌ಗೂ 55 ಡಿಗ್ರಿ ದಾಟಬೇಕೆಂಬ ನಿಯಮವಿದೆ. ಭಾರತದ ರಸ್ತೆಯ ಡೀಸೆಲ್‌ಗೆ ಇರುವ ಕನಿಷ್ಠ ಮಿತಿ 35 ಡಿಗ್ರಿ ಮಾತ್ರ. ಬಂಕ್‌ನಲ್ಲಿ ಸಿಗುವುದು ಇದಕ್ಕಿಂತ ಮೇಲೇ ಇರಬಹುದು, ಆದರೆ ಖಾತರಿ ಅಷ್ಟಕ್ಕೇ. ಏಪ್ರಿಲ್ ಮಧ್ಯಾಹ್ನ ಮುಚ್ಚಿದ ಎಂಜಿನ್ ಕೋಣೆಯೊಳಗಿನ ಗಾಳಿ 40 ಡಿಗ್ರಿ ಮೀರುತ್ತದೆ. ‘ಡೀಸೆಲ್ ಪೆಟ್ರೋಲ್‌ನಂತಲ್ಲ, ಕಡ್ಡಿ ಗೀರಿದರೂ ಹೊತ್ತಿಕೊಳ್ಳದು’ ಎಂಬ ಧೈರ್ಯ ಅಂಥ ಕೋಣೆಯಲ್ಲಿ ಸಲ್ಲದು.

ಯುರೋಪಿನ ಬೋಟು ಮಾಲೀಕರು ‘ರಸ್ತೆಯ ಡೀಸೆಲ್ ಸುರಕ್ಷಿತ’ ಎಂದು ಬರೆದದ್ದನ್ನು ನಾವು ಹಾಗೆಯೇ ಒಪ್ಪುವಂತಿಲ್ಲ ಎಂದ ಹಾಗಾಯಿತು. ಅಂತರರಾಷ್ಟ್ರೀಯ ನಿಯಮಕ್ಕೆ ಒಳಪಡುವ, ಸರ್ವೆ ಪ್ರಮಾಣಪತ್ರದಲ್ಲಿ ಫ್ಲ್ಯಾಶ್ ಪಾಯಿಂಟ್ ಷರತ್ತಿರುವ ನೌಕೆಯಾದರೆ ಆಯ್ಕೆಯ ಪ್ರಶ್ನೆಯೇ ಇಲ್ಲ. 60 ಡಿಗ್ರಿ ಮೇಲ್ಪಟ್ಟ ಇಂಧನವನ್ನೇ ಕೊಳ್ಳಬೇಕು. ಉಳಿದವರು ಇಂಜೆಕ್ಟರ್ ಪೈಪುಗಳಿಂದ ಡೀಸೆಲ್ ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಚಿಮ್ಮದಂತೆ ತಗಡಿನ ಅಡ್ಡ ಕಟ್ಟಿಸಬೇಕು, ಎಕ್ಸಾಸ್ಟ್‌ಗೆ ಶಾಖನಿರೋಧಕ ಸುತ್ತು ಹಾಕಿಸಬೇಕು, ಟ್ಯಾಂಕಿಯ ಗಾಳಿಕೊಳವೆಯನ್ನು ಡೆಕ್ಕಿನ ಮೇಲಕ್ಕೆ ಒಯ್ಯಬೇಕು, ಬೋಟಿನ ತಳದಲ್ಲಿ ನಿಂತ ಡೀಸೆಲ್ ಬೆರೆತ ನೀರನ್ನು ದಿನವೂ ತೆಗೆಸಬೇಕು. ಅಡುಗೆಯ ಗ್ಯಾಸ್ ಒಲೆ ಎಂಜಿನ್ ಕೋಣೆಯ ಬಾಗಿಲಿನ ಪಕ್ಕದಲ್ಲೇ ಇರುವ ಬೋಟುಗಳಲ್ಲಿ ಒಲೆಯ ಜಾಗವನ್ನೇ ಬದಲಿಸುವುದು ಮೇಲು.

ಆರನೆಯ ಹೆಜ್ಜೆ: ತುಂಬಿಸುವ ಮೊದಲು ಪರೀಕ್ಷಿಸಿ

ಬಿಳಿ ಗಾಜಿನ ಒಂದು ಲೀಟರ್ ಬಾಟಲಿಯನ್ನು ಬೋಟಿನಲ್ಲಿ ಸದಾ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಬಾಟಲಿ ಬೇಗ ಮಬ್ಬಾಗುವುದರಿಂದ ಗಾಜೇ ಬೇಕು. ಮೊದಲು ಸ್ವಲ್ಪ ಡೀಸೆಲ್ ಹಾಕಿ ಕುಲುಕಿ ಚೆಲ್ಲಿ, ಆಮೇಲೆ ತುಂಬಿಸಿ, ಅಲುಗಾಡದ ಕಡೆ ನೆರಳಿನಲ್ಲಿ ಅರ್ಧ ಗಂಟೆ ಇಡಿ. ಬಾಟಲಿಯ ಹಿಂದೆ ದಿನಪತ್ರಿಕೆಯ ಹಾಳೆ ಹಿಡಿದಾಗ ಅಕ್ಷರಗಳು ಸ್ಪಷ್ಟವಾಗಿ ಓದಲು ಬರಬೇಕು. ಅಕ್ಷರ ಮಂಜಾದರೆ ನೀರು ಬೆರೆತಿದೆ. ಬುಡದಲ್ಲಿ ಪಾದರಸದ ಹಾಗೆ ಉರುಳುವ ಗುಳ್ಳೆ ಕಂಡರೆ ನೀರು ಬೇರ್ಪಟ್ಟು ನಿಂತಿದೆ. ಚಹಾ ಡಿಕಾಕ್ಷನ್‌ನಂತೆ ಕಪ್ಪಗಿದ್ದು ಬೆಳಕು ಹಾಯದಿದ್ದರೆ ಅದು ಎಲ್‌ಡಿಒ ಅಥವಾ ಅದರ ಬೆರಕೆ, ಯಾರು ಏನೇ ಹೆಸರಿಟ್ಟು ಕರೆದರೂ ಬೇಡ. ನೀಲಿ ಛಾಯೆ ಕಂಡರೆ ಪಡಿತರದ ಸೀಮೆಎಣ್ಣೆಯನ್ನು ಅನುಮಾನಿಸಿ. ಅದಕ್ಕೆ ನೀಲಿ ಬಣ್ಣ ಬೆರೆಸಿರುತ್ತಾರೆ.

ಬಂಕ್‌ನಲ್ಲಿ ಸಾಂದ್ರತೆ ಪರೀಕ್ಷೆಯನ್ನು ಕೇಳುವುದು ಗ್ರಾಹಕನ ಹಕ್ಕು. ಹೈಡ್ರೋಮೀಟರ್ ಮತ್ತು ಥರ್ಮಾಮೀಟರ್ ಅಲ್ಲಿಯೇ ಇರಬೇಕು. 15 ಡಿಗ್ರಿಗೆ ಹೊಂದಿಸಿದ ಅಂಕಿಯು ಟ್ಯಾಂಕರ್ ಬಿಲ್ಲಿನಲ್ಲಿರುವ ಅಂಕಿಗಿಂತ ಘನ ಮೀಟರಿಗೆ 3 ಕಿಲೋಗಿಂತ ಹೆಚ್ಚು ಆಚೀಚೆ ಇರಬಾರದು. ನಮ್ಮ ಊರಿನ ಬಿಸಿಲಿಗೆ ಡೀಸೆಲ್ 30 ಡಿಗ್ರಿ ಇದ್ದಾಗ ಹೈಡ್ರೋಮೀಟರ್ ಸುಮಾರು 10ರಷ್ಟು ಕಡಿಮೆ ತೋರಿಸುತ್ತದೆ. ಈ ತಿದ್ದುಪಡಿ ಮಾಡದೆ ಬಂಕ್‌ನವರ ಮೇಲೆ ಜಗಳಕ್ಕೆ ಹೋಗಬೇಡಿ.

ಹಡಗಿನ ಡೀಸೆಲ್ ಕೊಳ್ಳುವುದಾದರೆ ಬೇಕಾದದ್ದು ಕಾಗದ. ದರ್ಜೆ, ಗಂಧಕದ ಪ್ರಮಾಣ, ಸ್ನಿಗ್ಧತೆ, ಫ್ಲ್ಯಾಶ್ ಪಾಯಿಂಟ್, ಸಾಂದ್ರತೆ ಇಷ್ಟೂ ಬರೆದಿರುವ ಪರೀಕ್ಷಾ ವರದಿ ಮತ್ತು ಬಿಲ್ ಇಲ್ಲದ ಸರಕು ಹಡಗಿನದೂ ಅಲ್ಲ, ರಸ್ತೆಯದೂ ಅಲ್ಲ. ನಡುಸಮುದ್ರದಲ್ಲಿ ಹಡಗಿನಿಂದ ಪೈಪ್ ಎಳೆದು ಅಗ್ಗಕ್ಕೆ ಕೊಡುವ ಡೀಸೆಲ್ ಸುಂಕ ತಪ್ಪಿಸಿ ಬಂದದ್ದು. ಸಿಕ್ಕಿಬಿದ್ದರೆ ಬೋಟೇ ಜಪ್ತಿಯಾಗಬಹುದು.

ಏಳನೆಯ ಹೆಜ್ಜೆ: ತೀರ್ಮಾನಿಸಿ

ರೋಟರಿ ಪಂಪ್ ಇರುವ ಎಂಜಿನ್‌ಗೆ ರಸ್ತೆಯ ಡೀಸೆಲ್ ಹಾಕಿ, ಬೇರೆ ಯೋಚನೆ ಬೇಡ. ಇನ್‌ಲೈನ್ ಪಂಪ್ ಇದ್ದು, ಸೀಲುಗಳನ್ನು ಬದಲಿಸಿ ಪಂಪ್ ಕ್ಯಾಲಿಬ್ರೇಷನ್ ಆಗಿದ್ದರೆ ಅದಕ್ಕೂ ರಸ್ತೆಯ ಡೀಸೆಲೇ ಸಾಕು. ಎಂಜಿನ್ ಸದ್ದು ಮೃದುವಾಗಿರುತ್ತದೆ, ಬೆಳಗಿನ ಬಿಳಿ ಹೊಗೆ ಕಡಿಮೆ, ಆಯಿಲ್ ಹೆಚ್ಚು ಕಾಲ ಬಾಳುತ್ತದೆ. ನಿಧಾನಗತಿಯ ದೊಡ್ಡ ಎಂಜಿನ್, ಸರಿಯಾಗಿ ಕೆಲಸ ಮಾಡುವ ಥರ್ಮೋಸ್ಟಾಟ್, ಹೆಚ್ಚು ಟಿಬಿಎನ್ ಆಯಿಲ್ ಇರುವ ಟಗ್ ಅಥವಾ ಸರಕಿನ ದೋಣಿಯಾದರೆ, ಅದರಲ್ಲೂ ಸರ್ವೆಯ ನಿಯಮ ಕೇಳುವುದಾದರೆ, ವರದಿ ಸಹಿತ ಡಿಎಂಎ ಅಥವಾ ಹೈ ಫ್ಲ್ಯಾಶ್ ಡೀಸೆಲ್ ಸೂಕ್ತ. ಸಣ್ಣ ಬೋಟಿನವರಿಗೆ ಇನ್ನೊಂದು ತೊಡಕೂ ಇದೆ. ಹಡಗುಗಳಿಗೆ ಇಂಧನ ಪೂರೈಸುವವರು ಟ್ಯಾಂಕರ್ ಅಥವಾ ಬಾರ್ಜ್ ಲೆಕ್ಕದಲ್ಲಿ ಕೊಡುತ್ತಾರೆಯೇ ಹೊರತು ಬ್ಯಾರೆಲ್ ಲೆಕ್ಕದಲ್ಲಲ್ಲ.

ಡೀಸೆಲ್‌ಗೆ ಟೂ ಸ್ಟ್ರೋಕ್ ಆಯಿಲ್ ಬೆರೆಸುವ ಪದ್ಧತಿಯ ಬಗ್ಗೆ ಕೇಳುವವರಿದ್ದಾರೆ. ಒಳ್ಳೆಯ ಬಿಎಸ್-6 ಡೀಸೆಲ್‌ಗೆ ಅದರ ಅಗತ್ಯವಿಲ್ಲ, ಕಲಬೆರಕೆ ಡೀಸೆಲನ್ನು ಅದು ಉಳಿಸಲಾರದು. ಬಳಸಿದ ಎಂಜಿನ್ ಆಯಿಲನ್ನು ಸೋಸಿ ಟ್ಯಾಂಕಿಗೆ ಸುರಿಯುವುದಂತೂ ನೊಝಲ್‌ಗಳನ್ನು ಕೈಯಾರೆ ಕೊಂದಂತೆ.

ಎಂಟನೆಯ ಹೆಜ್ಜೆ: ಬದಲಾವಣೆಯನ್ನು ಕ್ರಮವಾಗಿ ಮಾಡಿ

ಎರಡು ಡೀಸೆಲ್‌ಗಳೂ ಒಂದಕ್ಕೊಂದು ಬೆರೆಯುತ್ತವೆ, ಬೆರೆತರೆ ಹಾನಿಯೇನಿಲ್ಲ. ಹಾನಿ ಮಾಡುವುದು ಟ್ಯಾಂಕಿಯ ತಳದಲ್ಲಿ ವರ್ಷಗಟ್ಟಲೆ ಕೂತ ಗಸಿ. ಜೈವಿಕ ಡೀಸೆಲ್‌ನ ಅಂಶವಿರುವ ಹೊಸ ಡೀಸೆಲ್ ಆ ಗಸಿಯನ್ನು ಸಡಿಲಿಸಿ ಫಿಲ್ಟರಿಗೆ ತಂದು ತುಂಬುತ್ತದೆ. ಆದ್ದರಿಂದ ಮ್ಯಾನ್‌ಹೋಲ್ ತೆರೆದು, ಉಳಿದ ಡೀಸೆಲ್ ಹೊರತೆಗೆದು, ಒಳಗೆ ಗಾಳಿ ಆಡಲು ಸಾಕಷ್ಟು ಹೊತ್ತು ಬಿಟ್ಟು, ಹೊರಗೊಬ್ಬರು ಕಾದು ನಿಂತಿರುವಾಗಲೇ ಮತ್ತೊಬ್ಬರು ಇಳಿದು ತಳವನ್ನು ಒರೆಸಬೇಕು. ಆ ಹೊತ್ತಿನಲ್ಲಿ ಹತ್ತಿರದಲ್ಲಿ ವೆಲ್ಡಿಂಗ್ ನಡೆಯಕೂಡದು.

ಟ್ಯಾಂಕಿ ಮತ್ತು ಫೀಡ್ ಪಂಪ್ ನಡುವೆ ಪಾರದರ್ಶಕ ಬಟ್ಟಲಿರುವ ನೀರು ಬೇರ್ಪಡಿಸುವ ಫಿಲ್ಟರನ್ನು ಕೂರಿಸಿ. ಸಾಧ್ಯವಿದ್ದರೆ ಎರಡನ್ನು ಜೋಡಿಯಾಗಿ ಕೂರಿಸಿದರೆ ಒಂದನ್ನು ಮುಚ್ಚಿ ಬಿಚ್ಚುವಾಗ ಇನ್ನೊಂದರಲ್ಲಿ ಎಂಜಿನ್ ಓಡುತ್ತದೆ. ಬಲೆ ನೀರಿನಲ್ಲಿರುವಾಗ ಫಿಲ್ಟರ್ ಕಟ್ಟಿಕೊಂಡರೆ ಇದರ ಬೆಲೆ ಬೋಟು ನಡೆಸುವ ತಾಂಡೇಲನಿಗೆ ಚೆನ್ನಾಗಿ ತಿಳಿಯುತ್ತದೆ. ಮೊದಲ ಎರಡು ಸಲದ ಪ್ರಯಾಣಕ್ಕೆ ಕನಿಷ್ಠ ನಾಲ್ಕು ಹೊಸ ಎಲಿಮೆಂಟುಗಳು ಬೋಟಿನಲ್ಲಿರಲಿ.

ಗಾಳಿ ತೆಗೆಯುವುದನ್ನು ಟ್ಯಾಂಕಿಯ ಕಡೆಯಿಂದ ಶುರುಮಾಡಿ ಎಂಜಿನ್ ಕಡೆಗೆ ಹೋಗಬೇಕು. ಫಿಲ್ಟರ್ ತಲೆಯ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಡೀಸೆಲ್ ಒಂದೇ ಧಾರೆಯಾಗಿ ಬರುವವರೆಗೆ ಹ್ಯಾಂಡ್ ಪಂಪ್ ಒತ್ತಿ, ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂವಿಗೂ ಅದೇ ಕ್ರಮ. ಕೊನೆಗೆ ಇಂಜೆಕ್ಟರ್ ಕಡೆಯ ನಟ್‌ಗಳನ್ನು ಒಂದು ಸುತ್ತು ಸಡಿಲಿಸಿ ಸ್ಟಾರ್ಟರ್ ತಿರುಗಿಸಿ, ಡೀಸೆಲ್ ಚಿಮ್ಮತೊಡಗಿದಂತೆ ಒಂದೊಂದನ್ನೇ ಬಿಗಿಯಬೇಕು. ಚಿಮ್ಮುವ ಡೀಸೆಲ್‌ಗೆ ಕೈ ಅಡ್ಡ ಹಿಡಿಯಬೇಡಿ. ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ, ಹಾಗಾದರೆ ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಮೊದಲ ಐವತ್ತು ಗಂಟೆಗಳಲ್ಲಿ ದಿನವೂ ಬಟ್ಟಲಿನ ನೀರು ಬಸಿಯಿರಿ, ಪಂಪಿನ ಬುಡ ಒರೆಸಿ ನೋಡಿ, ಎಂಜಿನ್ ಆಯಿಲ್ ಕಡ್ಡಿಯ ಮಟ್ಟ ಗಮನಿಸಿ. ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ, ಪಂಪಿನಿಂದಲೋ ಫೀಡ್ ಪಂಪಿನಿಂದಲೋ ಡೀಸೆಲ್ ಆಯಿಲ್‌ಗೆ ಇಳಿಯುತ್ತಿದೆ ಎಂದರ್ಥ. ಅಂಥ ಎಂಜಿನ್ ಅನ್ನು ಅಂದೇ ನಿಲ್ಲಿಸಿ.

ಒಂಬತ್ತನೆಯ ಹೆಜ್ಜೆ: ಮಳೆಗಾಲದ ಎರಡು ತಿಂಗಳು

ಬಿಎಸ್-6ರಲ್ಲಿ ಕಿಲೋಗೆ 200 ಮಿಲಿಗ್ರಾಂವರೆಗೆ ನೀರು ಇರಲು ಅವಕಾಶವಿದೆ. ಸಾವಿರ ಲೀಟರಿಗೆ ಅದು ಒಂದು ಲೋಟದಷ್ಟು. ಇದಕ್ಕಿಂತ ಹೆಚ್ಚಿನ ನೀರು ಬರುವುದು ಅರ್ಧ ಖಾಲಿ ಟ್ಯಾಂಕಿಯಲ್ಲಿ ಜೂನ್ ತಿಂಗಳ ತೇವದ ಗಾಳಿ ಹನಿಗಟ್ಟುವುದರಿಂದ ಮತ್ತು ಡೆಕ್ಕಿನ ಮುಚ್ಚಳದ ವಾಷರ್ ಹಾಳಾಗಿರುವುದರಿಂದ. ನೀರು ಮತ್ತು ಡೀಸೆಲ್ ಸೇರುವ ಅಂಚಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಫಿಲ್ಟರಿನಲ್ಲಿ ಕಂದು ಬಣ್ಣದ ಲೋಳೆಯಾಗಿ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಟ್ಯಾಂಕಿಯನ್ನು ಪೂರ್ತಿ ಖಾಲಿ ಮಾಡಿ ಒಣಗಿಸಿಡಿ. ಅದಾಗದಿದ್ದರೆ ಡೀಸೆಲ್ ಹಿಗ್ಗಲು ಶೇ 5ರಷ್ಟು ಜಾಗ ಬಿಟ್ಟು ತುಂಬಿಸಿಡಿ. ಅರ್ಧ ಮಾತ್ರ ಬೇಡ.

ಆಗಸ್ಟ್‌ನಲ್ಲಿ ಮೊದಲ ಸಲ ಕೀಲಿ ತಿರುಗಿಸುವ ಮುನ್ನ ಟ್ಯಾಂಕಿಯ ತಳದ ಕಾಕ್ ತೆರೆದು ಅದೇ ಗಾಜಿನ ಬಾಟಲಿಗೆ ಎರಡು ಲೀಟರ್‌ನಷ್ಟನ್ನು ಒಂದೊಂದಾಗಿ ಬಿಡಿ. ಪತ್ರಿಕೆಯ ಅಕ್ಷರ ಬಾಟಲಿಯಾಚೆ ಸ್ಪಷ್ಟವಾಗಿ ಕಾಣುವವರೆಗೆ ಬಿಡುತ್ತಲೇ ಇರಿ. ಆಮೇಲಷ್ಟೇ ಎಂಜಿನ್ ಸ್ಟಾರ್ಟ್ ಮಾಡಿ.